1. ಡಿ4ಗೆ ಕಪ್ಪು ಕಾಯಿಗಳ ಉತ್ತರ: ಆರಂಭ ಸಂಗ್ರಹವನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಹರಿಹರ, ಚಿತ್ರದುರ್ಗಗಳ ಕಡೆ ಚದುರಂಗ ಕಲಿತ ಬಹುತೇಕರು ಬಾಲ್ಯದಲ್ಲಿ ಮೊದಲು ಕಲಿಯುವುದು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುವುದನ್ನು. ಹಾಗಾಗಿ 1. ಇ4 ನಡೆಗೆ ಕಪ್ಪಿನಿಂದ ಏನಾದರೊಂದು ಉತ್ತರ ಎಲ್ಲರ ಬಳಿಯೂ ಇರುತ್ತದೆ. ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಬರುವ 1. ಡಿ4 ಎದುರಾದಾಗ ಮಾತ್ರ ಕೈ ತಡೆಯುತ್ತದೆ. ಅದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭದ (1. ಡಿ4 ಡಿ5 2. ಸಿ4) ಆಳವಾದ ಶಾಖೆಯೊಂದನ್ನು ಹದಿನೈದು ನಡೆಗಳವರೆಗೆ ಬಾಯಿಪಾಠ ಮಾಡಿಕೊಂಡು ಭಾನುವಾರದ ರ‍್ಯಾಪಿಡ್ ಟೂರ್ನಿಗೆ ಹೋಗುತ್ತಾರೆ. ಎದುರು ಕುಳಿತ ಹನ್ನೊಂದು ವರ್ಷದ ಹುಡುಗ ಎರಡನೇ ನಡೆಯಲ್ಲೇ ಒಂಟೆಯನ್ನು ಎಫ್4ಗೆ ತಂದು ಲಂಡನ್ ಸಿಸ್ಟಂ ಆಡುತ್ತಾನೆ, ಕಲಿತದ್ದೆಲ್ಲ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ರೂಢಿಯ ಕ್ರಮವನ್ನು ತಿರುವು ಹಾಕಿದ್ದೇನೆ: ಹೆಚ್ಚು ಎದುರಾಗುವುದನ್ನು ಮೊದಲು, ಪ್ರತಿಷ್ಠಿತವಾದದ್ದನ್ನು ಆಮೇಲೆ ನೋಡೋಣ.

ನಡೆಗಳನ್ನು ಬರೆಯುವ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬಿಳಿಯ ಎಡಗೈ ಕಡೆಯಿಂದ ನಿಂತ ಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. ಕು ಎಂದರೆ ಕುದುರೆ, ಒಂ ಎಂದರೆ ಒಂಟೆ, ಆ ಎಂದರೆ ಆನೆ, ಮಂ ಎಂದರೆ ಮಂತ್ರಿ, ರಾ ಎಂದರೆ ರಾಜ. ಅಕ್ಷರವಿಲ್ಲದೆ ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. ಕು(ಜಿ) ಎಂದಿದ್ದರೆ ಜಿ ಸಾಲಿನಲ್ಲಿರುವ ಕುದುರೆ. × ಚಿಹ್ನೆ ಹೊಡೆತಕ್ಕೆ, + ಚೆಕ್‌ಗೆ, 0–0 ರಾಜನ ಬದಿಯ ಕ್ಯಾಸ್ಲಿಂಗ್‌ಗೆ. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ನಂತರ ಕಪ್ಪಿನದು. ಚುಕ್ಕಿಗಳು ಬಂದರೆ ಅದು ಕಪ್ಪಿನ ನಡೆ ಮಾತ್ರ. ಬೋರ್ಡೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಓದುವುದು ಒಳ್ಳೆಯದು.

ಮೊದಲ ಹಂತ: ಕಾಲಾಳುಗಳ ವಿನ್ಯಾಸವನ್ನು ಆರಿಸಿಕೊಳ್ಳುವುದು

ಡಿ4ಗೆ ಕಪ್ಪಿನ ಉತ್ತರಗಳು ಬೇಕಾದಷ್ಟಿವೆ. ಕಿಂಗ್ಸ್ ಇಂಡಿಯನ್‌ನಲ್ಲಿ ಮಧ್ಯದ ಮನೆಗಳನ್ನು ಬಿಳಿಗೆ ಬಿಟ್ಟುಕೊಟ್ಟು ರಾಜನ ಬದಿಯಲ್ಲಿ ದಾಳಿ ಮಾಡುತ್ತೇವೆ. ಆಡಲು ರೋಚಕ, ಆದರೆ ಒಂದು ನಡೆ ತಡವಾದರೆ ಮಂತ್ರಿಯ ಬದಿಯ ಗೋಡೆ ಕುಸಿದಿರುತ್ತದೆ. ನಿಮ್ಜೊ ಇಂಡಿಯನ್ ಅತ್ಯುತ್ತಮ ರಕ್ಷಣೆಯೇ ಸರಿ, ಆದರೆ ಬಿಳಿ ಮೂರನೇ ನಡೆಯಲ್ಲಿ ಕುದುರೆಯನ್ನು ಸಿ3ಗೆ ತರದೆ ಎಫ್3ಗೆ ತಂದರೆ ನಿಮ್ಜೊ ಸಿಗುವುದೇ ಇಲ್ಲ, ಜೊತೆಗೆ ಇನ್ನೊಂದು ರಕ್ಷಣೆಯನ್ನೂ ಕಲಿಯಬೇಕು. ಗ್ರುನ್‌ಫೆಲ್ಡ್‌ಗೆ ಬೇಕಾದ ನೆನಪಿನ ಶಕ್ತಿ ಮತ್ತು ಸಮಯ ಕೆಲಸಕ್ಕೆ ಹೋಗುವವರ ಬಳಿ ಇರುವುದಿಲ್ಲ. ಡಚ್‌ನಲ್ಲಿ ಮೊದಲ ನಡೆಯೇ ರಾಜನ ಕಡೆಯ ಬಾಗಿಲನ್ನು ಅರ್ಧ ತೆರೆಯುತ್ತದೆ. ಸ್ಲಾವ್ ಮಾತ್ರ ಪ್ರಾಮಾಣಿಕ ಪರ್ಯಾಯ, ಅದನ್ನು ಆಡುವವರನ್ನು ಬದಲಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ನಾನು ಸೂಚಿಸುವುದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಅಂದರೆ ಸಿ4ರ ಕಾಲಾಳನ್ನು ಹೊಡೆಯದೆ ಡಿ5ನ್ನು ಇ6ರಿಂದ ಕಾಯುವುದು. ಕಾಲಾಳುಗಳು ಡಿ5 ಮತ್ತು ಇ6ರಲ್ಲಿ, ಕುದುರೆ ಎಫ್6ರಲ್ಲಿ, ಒಂಟೆ ಇ7 ಅಥವಾ ಡಿ6ರಲ್ಲಿ, ಬೇಗನೆ ಕ್ಯಾಸ್ಲಿಂಗ್. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕ್ಯಾಪಬ್ಲಾಂಕ ಮತ್ತು ಅಲೆಖಿನ್ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಆಡಿದ 34 ಪಂದ್ಯಗಳ ಪೈಕಿ 32ರಲ್ಲಿ ಇದೇ ಆರಂಭ ಬಂದಿತ್ತು. ಹಳೆಯದು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಇಂದಿಗೂ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಇದು ಕಾಣಿಸಿಕೊಳ್ಳುತ್ತಲೇ ಇದೆ. ಇದರ ದೊಡ್ಡ ಅನುಕೂಲವೆಂದರೆ ಬಿಳಿ ಏನೇ ಆಡಿದರೂ ಮೊದಲ ಐದಾರು ನಡೆಗಳ ರೂಪುರೇಷೆ ಹೆಚ್ಚು ಬದಲಾಗುವುದಿಲ್ಲ, 1. ಸಿ4 ಅಥವಾ 1. ಕು-ಎಫ್3 ಎಂದು ಶುರುಮಾಡುವವರ ವಿರುದ್ಧವೂ ಇದೇ ವಿನ್ಯಾಸಕ್ಕೆ ಬರಬಹುದು.

ಇದಕ್ಕೆ ತೆರಬೇಕಾದ ಬೆಲೆ ಒಂದೇ. ಇ6ರ ಕಾಲಾಳು ಸಿ8ರಲ್ಲಿರುವ ಒಂಟೆಯ ದಾರಿಯನ್ನು ಮುಚ್ಚುತ್ತದೆ. ಈ ಆರಂಭದಲ್ಲಿ ಕಪ್ಪು ಸೋಲುವ ಪಂದ್ಯಗಳನ್ನು ತೆರೆದು ನೋಡಿದರೆ, ಮೂವತ್ತನೇ ನಡೆಯ ಹೊತ್ತಿಗೂ ಆ ಒಂಟೆ ಹುಟ್ಟಿದ ಮನೆಯಲ್ಲೇ ಕುಳಿತಿರುವುದು ಮತ್ತೆ ಮತ್ತೆ ಕಾಣಿಸುತ್ತದೆ. ಆದ್ದರಿಂದ ಮುಂದೆ ಬರುವ ಪ್ರತಿಯೊಂದು ಶಾಖೆಯಲ್ಲೂ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇಲ್ಲಿ ನನ್ನ ಸಿ8 ಒಂಟೆ ಯಾವ ದಾರಿಯಿಂದ, ಯಾವಾಗ ಹೊರಬರುತ್ತದೆ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ನಡೆಗಳ ಕ್ರಮ ಮರೆತರೂ ಆಟ ಕೆಡುವುದಿಲ್ಲ.

ಎರಡನೇ ಹಂತ: ನಿಮಗೆ ನಿಜವಾಗಿ ಏನು ಎದುರಾಗುತ್ತದೆ ಎಂದು ನೋಡುವುದು

ಮನೆಯಲ್ಲಿರುವ ಹಳೆಯ ಸ್ಕೋರ್‌ಶೀಟ್‌ಗಳನ್ನು, ಅಂದರೆ ಪಂದ್ಯದ ನಡೆಗಳನ್ನು ಬರೆದಿಟ್ಟ ಹಾಳೆಗಳನ್ನು, ಹೊರತೆಗೆಯಿರಿ. ಕಪ್ಪಿನಲ್ಲಿ 1. ಡಿ4 ಎದುರಿಸಿದ ಪಂದ್ಯಗಳನ್ನು ಮಾತ್ರ ಬೇರ್ಪಡಿಸಿ, ಬಿಳಿಯ ಎರಡನೇ ಮತ್ತು ಮೂರನೇ ನಡೆಯ ಪ್ರಕಾರ ಕಟ್ಟು ಮಾಡಿ. ಸ್ಕೋರ್‌ಶೀಟ್ ಇಟ್ಟುಕೊಳ್ಳುವ ಅಭ್ಯಾಸವಿಲ್ಲದಿದ್ದರೆ ಆನ್‌ಲೈನ್‌ನಲ್ಲಿ ಆಡಿದ ಪಂದ್ಯಗಳು ಸಾಕು. ಲಿಚೆಸ್ ಎಂಬ ಚದುರಂಗದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಮಾಸ್ಟರ್‌ಗಳ ಪಂದ್ಯಗಳ ಸಂಗ್ರಹವೂ ಇದೆ, ಸಾಮಾನ್ಯ ಆಟಗಾರರ ಪಂದ್ಯಗಳ ಸಂಗ್ರಹವೂ ಇದೆ. ಎರಡನೆಯದನ್ನು ತೆರೆದು ನಿಮ್ಮ ಮಟ್ಟದ ರೇಟಿಂಗ್ ಮತ್ತು ರ‍್ಯಾಪಿಡ್ ಸಮಯವನ್ನು ಆಯ್ದುಕೊಂಡರೆ, ನಿಮ್ಮಂಥವರ ವಿರುದ್ಧ ಬಿಳಿ ಯಾವ ನಡೆಯನ್ನು ಎಷ್ಟು ಸಲ ಆಡುತ್ತದೆ ಎಂಬ ಲೆಕ್ಕ ಕಣ್ಣೆದುರಿಗೆ ಬರುತ್ತದೆ. ಮಾಸ್ಟರ್‌ಗಳ ಸಂಗ್ರಹವನ್ನೇ ನೋಡುತ್ತ ಕುಳಿತರೆ ಮುಂದೆ ಬರುವ ಕ್ಯಾಟಲನ್ ಎಂಬ ಶಾಖೆಗೆ ತಿಂಗಳುಗಟ್ಟಲೆ ತಯಾರಿ ಮಾಡಿ, ಅದನ್ನು ಆಡುವ ಎದುರಾಳಿಯನ್ನು ಕಾಯುತ್ತ ಕೂರಬೇಕಾಗುತ್ತದೆ.

1600ರ ಆಸುಪಾಸಿನವರೆಗಿನ ರೇಟಿಂಗ್ ಇರುವ ಆಟಗಾರರಿಗೆ ಈ ಲೆಕ್ಕ ಸಾಮಾನ್ಯವಾಗಿ ಒಂದೇ ಕಡೆ ಬೆರಳು ತೋರಿಸುತ್ತದೆ: ಲಂಡನ್. ನಮ್ಮ ಕಡೆಯ ತರಬೇತಿ ತರಗತಿಗಳಲ್ಲಿ ಮಕ್ಕಳಿಗೆ ಇದನ್ನೇ ಮೊದಲು ಕಲಿಸುವುದರಿಂದ ಇಲ್ಲಿನ ಟೂರ್ನಿಗಳಲ್ಲಿ ಅದರ ಪಾಲು ಇನ್ನೂ ಹೆಚ್ಚು.

ಮೂರನೇ ಹಂತ: ಲಂಡನ್ ಸಿಸ್ಟಂ

ಇದನ್ನು ಮಕ್ಕಳಾಟವೆಂದು ಕಡೆಗಣಿಸುವುದು ಬೇಡ. 2023ರಲ್ಲಿ ಆಸ್ತಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಪಂದ್ಯದಲ್ಲಿ ಡಿಂಗ್ ಲಿರೆನ್ ಬಿಳಿಯಲ್ಲಿ ಇದನ್ನೇ ಆಡಿ ನೆಪೊಮ್ನಿಷಿಯವರನ್ನು ಸೋಲಿಸಿದರು. ಮರುವರ್ಷ ಸಿಂಗಪುರದಲ್ಲಿ ಗುಕೇಶ್ ವಿರುದ್ಧದ ಆರನೇ ಪಂದ್ಯದಲ್ಲೂ ಅವರು ಲಂಡನ್‌ಗೇ ಹೋದರು, ಆ ಪಂದ್ಯ ಡ್ರಾ ಆಯಿತು.

ಬಿಳಿಯ ಯೋಜನೆ ಸರಳ. ಡಿ4, ಇ3, ಸಿ3 ಕಾಲಾಳುಗಳ ತ್ರಿಕೋನವನ್ನು ಕಟ್ಟಿ, ಅದರ ಹೊರಗೆ ಒಂಟೆಯನ್ನು ಎಫ್4ರಲ್ಲಿ ನಿಲ್ಲಿಸಿ, ಕುದುರೆಯನ್ನು ಇ5ಕ್ಕೆ ತಂದು, ಡಿ3ರ ಒಂಟೆಯಿಂದ ನಿಮ್ಮ ಎಚ್7 ಮನೆಯ ಮೇಲೆ ಕಣ್ಣಿಡುವುದು. ನಿಮ್ಮ ಉತ್ತರ ಹೀಗಿರಲಿ:

1. ಡಿ4 ಡಿ5 2. ಒಂ-ಎಫ್4 ಕು-ಎಫ್6 3. ಇ3 ಸಿ5 4. ಸಿ3 ಕು-ಸಿ6 5. ಕು-ಡಿ2 ಇ6 6. ಕು(ಜಿ)-ಎಫ್3 ಒಂ-ಡಿ6

ಸಿ5 ನಡೆಯನ್ನು ತಡಮಾಡಬಾರದು. ಅದಿಲ್ಲದಿದ್ದರೆ ಮಧ್ಯದ ಮೇಲೆ ಒತ್ತಡವಿಲ್ಲದೆ ಬಿಳಿ ನಿಶ್ಚಿಂತೆಯಿಂದ ರಾಜನ ಬದಿಯ ದಾಳಿಗೆ ಇಳಿಯುತ್ತದೆ. ಇನ್ನು ಒಂಟೆಯನ್ನು ಇ7ರ ಬದಲು ಡಿ6ಕ್ಕೆ ತರುವುದೇಕೆಂದರೆ, ಬಿಳಿಯ ಇಡೀ ಆಟಕ್ಕೆ ಆಧಾರವಾದ ಎಫ್4 ಒಂಟೆಗೆ ಅದು ನೇರವಾಗಿ ಸವಾಲು ಹಾಕುತ್ತದೆ. ಬಿಳಿ ಹೊಡೆದರೆ, ಅಂದರೆ 7. ಒಂ×ಡಿ6 ಮಂ×ಡಿ6 ಆದರೆ, ನಿಮ್ಮ ಮಂತ್ರಿ ಒಳ್ಳೆಯ ಮನೆಗೆ ಬಂದು ಇ5 ತಳ್ಳುವ ತಯಾರಿ ತಾನಾಗಿಯೇ ಆಗುತ್ತದೆ. ಇ6 ಕಾಲಾಳು ಇ5ಕ್ಕೆ ಹೋದ ಕ್ಷಣ ಸಿ8 ಒಂಟೆಯ ದಾರಿ ತೆರೆಯಿತು. ಬಿಳಿ 7. ಒಂ-ಜಿ3 ಎಂದು ಹಿಂದೆ ಸರಿದರೆ ಅದನ್ನು ನೀವಾಗಿ ಹೊಡೆಯಲು ಹೋಗಬೇಡಿ. ಎಚ್ ಕಾಲಾಳಿನಿಂದ ಮರುಹೊಡೆದಾಗ ಎಚ್1ರ ಆನೆಗೆ ನಿಮ್ಮ ರಾಜನತ್ತ ನೇರ ಸಾಲು ತೆರೆದುಕೊಡುತ್ತೀರಿ. 7...0–0 8. ಒಂ-ಡಿ3 ಬಿ6 ಎಂದು ಮುಂದುವರಿದು ಒಂಟೆಯನ್ನು ಬಿ7ಕ್ಕೆ ಕಳುಹಿಸುವುದು ಇಲ್ಲಿಯ ಯೋಜನೆ.

ಈ ಸ್ಥಿತಿಯಲ್ಲಿ ಎರಡು ಅಪಾಯಗಳಿವೆ, ಎರಡನ್ನೂ ಬೋರ್ಡಿನ ಮೇಲೆ ಇಟ್ಟು ನೋಡಿ. ಮೊದಲನೆಯದು 9. ಇ4. ಮೇಲ್ನೋಟಕ್ಕೆ ಮಧ್ಯದ ಸಾಮಾನ್ಯ ತಳ್ಳುವಿಕೆ. ಆದರೆ ಮುಂದಿನ ಇ5 ನಡೆ ಒಂದೇ ಕಾಲಾಳಿನಿಂದ ಡಿ6ರ ಒಂಟೆಯನ್ನೂ ಎಫ್6ರ ಕುದುರೆಯನ್ನೂ ಏಕಕಾಲಕ್ಕೆ ಹಿಡಿಯುತ್ತದೆ (ಇದಕ್ಕೆ ಫೋರ್ಕ್ ಎನ್ನುತ್ತಾರೆ), ಜಿ3ರ ಒಂಟೆ ಹಿಂದಿನಿಂದ ಆ ಕಾಲಾಳಿಗೆ ಕಾವಲಿರುತ್ತದೆ. ಇದನ್ನು ಕಾಣದೆ 9...ಒಂ-ಬಿ7 ಎಂದು ಅಭ್ಯಾಸಬಲದಿಂದ ಆಡಿದವರು ಒಂದು ಕಾಯಿ ಕಳೆದುಕೊಳ್ಳುತ್ತಾರೆ. ಸರಿಯಾದ ಉತ್ತರ 9...ಒಂ-ಇ7, ಬಳಿಕ 10. ಇ5 ಬಂದರೆ ಕುದುರೆ ಎಚ್5ಕ್ಕೆ ಹಾರಿ ಜಿ3ರ ಒಂಟೆಯನ್ನು ಕೇಳುತ್ತದೆ. ಬಿಳಿಯ ಕಾಯಿಗಳು ಎಲ್ಲಿದ್ದರೂ, ಡಿ6ರಲ್ಲಿ ಒಂಟೆ ಮತ್ತು ಎಫ್6ರಲ್ಲಿ ಕುದುರೆ ಇರುವಾಗ ಪ್ರತಿ ನಡೆಗೆ ಮುನ್ನ ಇ4–ಇ5 ಬರುತ್ತದೆಯೇ ಎಂದು ನೋಡುವುದು ರೂಢಿಯಾಗಬೇಕು.

ಎರಡನೆಯದು 9. ಕು-ಇ5. ಇದಕ್ಕೆ 9...ಒಂ-ಬಿ7 10. ಎಫ್4 ಕು-ಇ7 ಎಂದು ನಿಂತು, ಎಫ್6ರ ಕುದುರೆಯನ್ನು ಇ4ಕ್ಕೆ ತರಲು ಅನುಕೂಲದ ಗಳಿಗೆ ನೋಡಬೇಕು. ಆ ಕುದುರೆಯೇ ನಿಮ್ಮ ಎಚ್7ಕ್ಕೆ ಕಾವಲು. ಅದು ಸುಮ್ಮನೆ ಡಿ7ಕ್ಕೋ ಇ8ಕ್ಕೋ ಹಿಂದೆ ಸರಿದರೆ ಒಂ×ಎಚ್7+, ರಾ×ಎಚ್7, ಮಂ-ಎಚ್5+ ಎಂಬ ಹಳೆಯ ಬಲಿದಾನಕ್ಕೆ ನೀವೇ ಆಹ್ವಾನ ಕೊಟ್ಟಂತೆ. ಇ4ಕ್ಕೆ ಹೋದರೆ ಮಾತು ಬೇರೆ, ಅಲ್ಲಿ ಕುದುರೆಯೇ ಡಿ3ರಿಂದ ಎಚ್7ಕ್ಕೆ ಹೋಗುವ ಕರ್ಣವನ್ನು ಮುಚ್ಚಿ ನಿಲ್ಲುತ್ತದೆ.

ಲಂಡನ್‌ನ ಸೋದರರಲ್ಲಿ ಕೊಲ್ಲೆ (Colle) ಸಿಸ್ಟಂ ಒಂದು: 1. ಡಿ4 ಡಿ5 2. ಕು-ಎಫ್3 ಕು-ಎಫ್6 3. ಇ3. ಇಲ್ಲಿ ಬಿಳಿ ತನ್ನ ಸಿ1 ಒಂಟೆಯನ್ನು ತಾನೇ ಮುಚ್ಚಿಕೊಂಡಿರುವುದರಿಂದ ನಿಮಗೆ ಬಿಡುವು ಸಿಗುತ್ತದೆ. ಇ6 ಆಡುವ ಮೊದಲೇ 3...ಒಂ-ಎಫ್5 ಎಂದು ಒಂಟೆಯನ್ನು ಹೊರಗೆ ತಂದುಬಿಡಿ. 4. ಸಿ4 ಇ6 5. ಮಂ-ಬಿ3 ಬಂದು ಬಿ7ರ ಕಾಲಾಳು ಅನಾಥವೆನಿಸಿದರೆ ಗಾಬರಿಯಾಗದೆ 5...ಕು-ಸಿ6 ಆಡಿ. 6. ಮಂ×ಬಿ7 ಆದರೆ 6...ಕು-ಬಿ4, ಎಫ್5ರ ಒಂಟೆಯ ಬೆಂಬಲದಿಂದ ಕುದುರೆ ಸಿ2ರಲ್ಲಿ ಚೆಕ್ ಕೊಟ್ಟು ಆನೆಯನ್ನು ಕೀಳುವ ಬೆದರಿಕೆ ಎದ್ದಿದೆ. ಜೊಬಾವಾ ಶೈಲಿಯ 2. ಕು-ಸಿ3 ಕು-ಎಫ್6 3. ಒಂ-ಎಫ್4 ಈಗ ಫ್ಯಾಶನ್; 3...ಇ6 ಆಡಿ, 4. ಕು-ಬಿ5ಕ್ಕೆ ಕು-ಎ6 ಎಂದು ಸಿ7ನ್ನು ಕಾಯ್ದು ನಂತರ ಸಿ6ರಿಂದ ಕುದುರೆಯನ್ನು ಹಿಂದಕ್ಕಟ್ಟಿ, 4. ಇ3ಕ್ಕೆ ಒಂ-ಡಿ6 ಆಡಿ. ಅಷ್ಟು ಸಾಕು.

ನಾಲ್ಕನೇ ಹಂತ: ಕ್ವೀನ್ಸ್ ಗ್ಯಾಂಬಿಟ್

ಈಗ ಮೂಲ ಶಾಖೆ: 1. ಡಿ4 ಡಿ5 2. ಸಿ4 ಇ6 3. ಕು-ಸಿ3 ಕು-ಎಫ್6. ಇಲ್ಲಿಂದ ಬಿಳಿಗೆ ನಾಲ್ಕು ಮುಖ್ಯ ದಾರಿಗಳಿವೆ. ನಾಲ್ಕಕ್ಕೂ ಒಂದೇ ಪ್ರಮಾಣದ ಶ್ರಮ ಹಾಕಬೇಕಿಲ್ಲ, ಹೆಚ್ಚಿನ ಪಾಲು ಮೊದಲನೆಯದಕ್ಕೆ ಸಲ್ಲಬೇಕು.

ಅದು ವಿನಿಮಯ ಶಾಖೆ: 4. ಸಿ×ಡಿ5 ಇ×ಡಿ5 5. ಒಂ-ಜಿ5 ಒಂ-ಇ7 6. ಇ3 ಸಿ6 7. ಒಂ-ಡಿ3 0–0 8. ಮಂ-ಸಿ2 ಕು(ಬಿ)-ಡಿ7 9. ಕು-ಎಫ್3 ಆ-ಇ8 10. 0–0 ಕು-ಎಫ್8. ಇ6ರ ಕಾಲಾಳು ಡಿ5ಕ್ಕೆ ಹೋದದ್ದರಿಂದ ಸಿ8 ಒಂಟೆಯ ದಾರಿ ಬಿಳಿಯ ಕೈಯಿಂದಲೇ ತೆರೆದುಕೊಂಡಿದೆ, ಹಾಗಾಗಿ ನಮ್ಮ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿಬಿಟ್ಟಿದೆ. ಡಿ7ರ ಕುದುರೆ ಎಫ್8ಕ್ಕೆ ಹೋಗುವುದು ಉಳಿದ ಅರ್ಧ: ಅದು ಒಂಟೆಯ ಕರ್ಣದಿಂದ ಪಕ್ಕಕ್ಕೆ ಸರಿಯುತ್ತದೆ, ಎಚ್7ಕ್ಕೆ ಇನ್ನೊಂದು ಕಾವಲಾಗುತ್ತದೆ, ಮುಂದೆ ಜಿ6ಕ್ಕೋ ಇ6ಕ್ಕೋ ಹಾರಲು ಸಿದ್ಧವಾಗಿರುತ್ತದೆ.

ಕಾರ್ಲ್ಸ್‌ಬಾಡ್ ಎಂದು ಕರೆಯುವ ಈ ವಿನ್ಯಾಸವನ್ನು ನಡೆಗಳಿಗಿಂತ ಯೋಜನೆಗಳ ಮೂಲಕ ಕಲಿಯಬೇಕು. ಮಂತ್ರಿಯ ಬದಿಯಲ್ಲಿ ಬಿಳಿಗೆ ಎ, ಬಿ ಸಾಲುಗಳ ಎರಡೇ ಕಾಲಾಳುಗಳು, ನಿಮಗೆ ಎ, ಬಿ, ಸಿ ಸಾಲುಗಳ ಮೂರು. ಆದರೂ ಬಿಳಿ ಆನೆಯನ್ನು ಬಿ1ಕ್ಕೆ ತಂದು ಬಿ4, ಎ4, ಬಿ5 ಎಂದು ತಳ್ಳಿಕೊಂಡು ಬಂದು ಸಿ6ರಲ್ಲಿ ಹೊಡೆಯುತ್ತದೆ. ಈ ಮೈನಾರಿಟಿ ಅಟ್ಯಾಕ್ ಮುಗಿದಾಗ ಸಿ6ರಲ್ಲಿ ಬೇರೆ ಕಾಲಾಳಿನ ಬೆಂಬಲವಿಲ್ಲದ ಹಿಂದುಳಿದ ಕಾಲಾಳೊಂದು ಉಳಿದು, ಸಿ ಸಾಲಿನಲ್ಲಿ ನಿಂತ ಬಿಳಿಯ ಆನೆಗಳಿಗೆ ಅದು ಆಟದ ಕೊನೆಯವರೆಗೂ ಗುರಿಯಾಗುತ್ತದೆ. ಕೈಕಟ್ಟಿ ಕುಳಿತ ಕಪ್ಪು ನಿಧಾನವಾಗಿ ಸೋಲುವುದು ಹೀಗೆ.

ಕೈಕಟ್ಟಿ ಕೂರಬಾರದು, ಅಷ್ಟೇ. ಬಿಳಿ ಬಿ4 ತಳ್ಳಿದ ಮೇಲೆ ಅದರ ಯಾವ ಕಾಲಾಳೂ ಸಿ4 ಮನೆಯನ್ನು ಕಾಯಲಾರದು; ಆದ್ದರಿಂದ ನಿಮ್ಮ ಕುದುರೆ ಇ4, ಡಿ6, ಸಿ4 ಎಂಬ ದಾರಿ ಹಿಡಿಯಬಹುದು. ಸಿ4ರಲ್ಲಿ ಗಟ್ಟಿಯಾಗಿ ನಿಂತ ಕುದುರೆ ಸಿ ಸಾಲನ್ನೇ ಮುಚ್ಚುವುದರಿಂದ ಸಿ6 ಕಾಲಾಳಿನ ಮೇಲಿನ ದಾಳಿಗೆ ಅರ್ಥವಿಲ್ಲದಾಗುತ್ತದೆ. ಎ6 ಆಡಿಟ್ಟುಕೊಂಡರೆ ಬಿ5 ಬಂದಾಗ ಎ ಕಾಲಾಳುಗಳ ವಿನಿಮಯವಾಗಿ ನಿಮ್ಮ ಎ8 ಆನೆಗೆ ತೆರೆದ ಸಾಲು ದೊರೆಯುತ್ತದೆ. ರಾಜನ ಬದಿಯಲ್ಲಿ ಕುದುರೆ ಜಿ6ಕ್ಕೆ, ಒಂಟೆ ಡಿ6ಕ್ಕೆ, ಆನೆ ಇ6ರ ಮೂಲಕ ಜಿ6 ಅಥವಾ ಎಚ್6ಕ್ಕೆ ಬರುವ ದಾಳಿಯೂ ಇದೆ. ಬಿಳಿಯ ಕಾಯಿಗಳು ಮಂತ್ರಿಯ ಬದಿಯಲ್ಲಿ ಮಗ್ನವಾಗಿರುವಾಗ ಅದು ಕೆಲವೊಮ್ಮೆ ನೇರವಾಗಿ ಗೆಲ್ಲಿಸುತ್ತದೆ. ಈ ಮೂರರಲ್ಲಿ ನನ್ನ ಒಲವು ಸಿ4 ಕುದುರೆಯ ಕಡೆಗೆ, ಏಕೆಂದರೆ ದಾಳಿ ವಿಫಲವಾದರೂ ಆ ಕುದುರೆ ಅಲ್ಲೇ ಉಳಿದಿರುತ್ತದೆ. ಬಿಳಿಯ ದೃಷ್ಟಿ ಹೇಗಿರುತ್ತದೆಂದು ತಿಳಿಯಲು 2024ರ ಸಿಂಗಪುರ ಚಾಂಪಿಯನ್‌ಷಿಪ್‌ನ ಮೂರನೇ ಪಂದ್ಯವನ್ನು ನೋಡಬೇಕು. ಗುಕೇಶ್ ಬಿಳಿಯಲ್ಲಿ ಇದೇ ವಿನಿಮಯ ಶಾಖೆಯನ್ನು ಆಡಿ ಡಿಂಗ್ ಅವರನ್ನು ಸೋಲಿಸಿದ್ದು ಅದರಲ್ಲಿ.

ಎರಡನೇ ದಾರಿ 4. ಒಂ-ಜಿ5. ಇದಕ್ಕೆ ಲಾಸ್ಕರ್ ರಕ್ಷಣೆಯನ್ನು ಸೂಚಿಸುತ್ತೇನೆ: 4...ಒಂ-ಇ7 5. ಇ3 ಎಚ್6 6. ಒಂ-ಎಚ್4 0–0 7. ಕು-ಎಫ್3 ಕು-ಇ4. 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಎಮಾನ್ಯುಯಲ್ ಲಾಸ್ಕರ್ ಹೆಸರಿನ ಈ ರಕ್ಷಣೆಯ ತರ್ಕ ಸ್ಪಷ್ಟವಾಗಿದೆ. ಇಕ್ಕಟ್ಟಾದ ಸ್ಥಿತಿಯಲ್ಲಿರುವವನಿಗೆ ಕಾಯಿಗಳು ಕಡಿಮೆಯಾದಷ್ಟೂ ಉಸಿರಾಟ ಸಲೀಸು; 8. ಒಂ×ಇ7 ಮಂ×ಇ7 ಆದ ಮೇಲೆ ಸಿ3ರಲ್ಲಿ ಕುದುರೆಗಳೂ ವಿನಿಮಯವಾಗುತ್ತವೆ. 9. ಆ-ಸಿ1 ಸಿ6 10. ಒಂ-ಡಿ3 ಕು×ಸಿ3 11. ಆ×ಸಿ3 ಡಿ×ಸಿ4 12. ಒಂ×ಸಿ4 ಕು-ಡಿ7 ಎಂಬುದು ಕಲಿಯಬೇಕಾದ ಮುಖ್ಯ ಸಾಲು. ಕುದುರೆಗಳ ವಿನಿಮಯ ಮೊದಲು, ಸಿ4ರ ಹೊಡೆತ ಆಮೇಲೆ. ಈ ಕ್ರಮ ತಪ್ಪಬಾರದು. ಇದಾದ ಬಳಿಕ ಸಿ8 ಒಂಟೆಗೆ ಎರಡು ಬಾಗಿಲುಗಳಿವೆ: ಇ5 ತಳ್ಳುವುದು, ಇಲ್ಲವೇ ಬಿ6 ಮತ್ತು ಸಿ5 ಆಡಿ ಬಿ7ರಿಂದ ಉದ್ದ ಕರ್ಣವನ್ನು ಹಿಡಿಯುವುದು. 9. ಸಿ×ಡಿ5 ಬಂದರೆ ಕು×ಸಿ3 10. ಬಿ×ಸಿ3 ಇ×ಡಿ5, ದಾರಿ ತಾನಾಗಿಯೇ ತೆರೆಯಿತು.

2010ರ ಮೇ ತಿಂಗಳಲ್ಲಿ ಸೋಫಿಯಾದಲ್ಲಿ ವಿಶ್ವನಾಥನ್ ಆನಂದ್ ತಮ್ಮ ವಿಶ್ವ ಪಟ್ಟವನ್ನು ಉಳಿಸಿಕೊಂಡದ್ದು ಇದೇ ರಕ್ಷಣೆಯಿಂದ. ಹನ್ನೆರಡನೆಯ, ಕೊನೆಯ ಪಂದ್ಯ, ಅಂಕಗಳು ಸಮ, ಎದುರಾಳಿ ಟೊಪಲೋವ್ ಅವರ ಸ್ವಂತ ನಾಡು, ಕಪ್ಪು ಕಾಯಿಗಳು. ಅಂಥ ದಿನ ಆನಂದ್ ಲಾಸ್ಕರ್ ರಕ್ಷಣೆಯನ್ನು ಆರಿಸಿ, ಹದಿಮೂರನೇ ನಡೆಯಲ್ಲಿ ಬಿ6, ಹದಿನಾಲ್ಕರಲ್ಲಿ ಸಿ5 ಆಡಿ, ಕೊನೆಗೆ ಪಂದ್ಯವನ್ನು ಗೆದ್ದು 6.5–5.5ರಿಂದ ಪಟ್ಟ ಉಳಿಸಿಕೊಂಡರು. ಬರೀ ಡ್ರಾ ಮಾಡುವವರ ಆರಂಭ ಎಂಬ ಅಪವಾದಕ್ಕೆ ಆ ಪಂದ್ಯವನ್ನು ತೋರಿಸಿದರೆ ಸಾಕು. ಅದನ್ನು ಎಂಜಿನ್ (ನಡೆಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ತಂತ್ರಾಂಶ) ಹಾಕದೆ, ಬಿ7 ಮತ್ತು ಆಚಿನ ಕರ್ಣದ ಮೇಲೆ ಕಣ್ಣಿಟ್ಟು, ಒಂದೊಂದೇ ನಡೆ ನೋಡಿ.

ಮೂರನೆಯದು 4. ಕು-ಎಫ್3 ಒಂ-ಇ7 5. ಒಂ-ಎಫ್4. ಲಂಡನ್ ಬಿಟ್ಟು ಮೇಲಿನ ಮೆಟ್ಟಿಲಿಗೆ ಬಂದವರು ಇದನ್ನು ಇಷ್ಟಪಡುತ್ತಾರೆ. 5...0–0 6. ಇ3 ಸಿ5 7. ಡಿ×ಸಿ5 ಒಂ×ಸಿ5 ಎಂದು ತಕ್ಷಣ ಮಧ್ಯವನ್ನು ಕದಡಿ. ಮುಂದೆ ಡಿ5ರಲ್ಲಿ ವಿನಿಮಯವಾಗಿ ನಿಮಗೆ ಒಂಟಿ ಕಾಲಾಳು ಉಳಿದರೂ ಕಾಯಿಗಳೆಲ್ಲ, ಸಿ8 ಒಂಟೆಯೂ ಸೇರಿ, ಚುರುಕಾಗಿ ಹೊರಬರುತ್ತವೆ. ನಾಲ್ಕನೆಯದು ಮೂರನೇ ನಡೆಯಲ್ಲೇ ಬೇರೆಯಾಗುವ ಕ್ಯಾಟಲನ್: 3. ಕು-ಎಫ್3 ಕು-ಎಫ್6 4. ಜಿ3 ಒಂ-ಇ7 5. ಒಂ-ಜಿ2 0–0 6. 0–0 ಡಿ×ಸಿ4 7. ಮಂ-ಸಿ2 ಎ6 8. ಮಂ×ಸಿ4 ಬಿ5 9. ಮಂ-ಸಿ2 ಒಂ-ಬಿ7. ಕಾಲಾಳನ್ನು ತೆಗೆದುಕೊಂಡು ಹಿಂದಿರುಗಿಸುವಾಗ ಸಿಗುವ ಎರಡು ನಡೆಗಳಲ್ಲಿ ಒಂಟೆಗೆ ಬಿ7 ಸಿದ್ಧವಾಗುತ್ತದೆ. ಬಿಳಿ 8. ಎ4 ಆಡಿ ಬಿ5ನ್ನು ತಡೆದರೆ 8...ಒಂ-ಡಿ7. ನಿಮ್ಮ ರೇಟಿಂಗ್ 1800 ದಾಟುವವರೆಗೆ ಇದಕ್ಕಿಂತ ಹೆಚ್ಚು ಓದುವ ಅಗತ್ಯ ನನಗೆ ಕಾಣುವುದಿಲ್ಲ.

ಐದನೇ ಹಂತ: ಅಪರೂಪದವು

2. ಒಂ-ಜಿ5 ಆಡುವವರು ಊರಿಗೊಬ್ಬರಾದರೂ ಇರುತ್ತಾರೆ. ಒಂಟೆ ಬಿ2ನ್ನು ಬಿಟ್ಟು ಹೋಗಿದೆ ಎಂಬುದನ್ನು ನೆನಪಿಟ್ಟುಕೊಂಡು 2...ಎಚ್6 3. ಒಂ-ಎಚ್4 ಸಿ6 4. ಇ3 ಮಂ-ಬಿ6 ಆಡಿ. ಬಿಳಿ 5. ಮಂ-ಸಿ1 ಅಥವಾ 5. ಬಿ3 ಎಂದು ಕಾಲಾಳನ್ನು ಕಾಯ್ದರೆ ನಿಮ್ಮ ಉತ್ತರ 5...ಇ5! ಕಾಲಾಳನ್ನು ಪುಕ್ಕಟೆ ಕೊಟ್ಟಂತೆ ಕಾಣುತ್ತದೆ. 6. ಡಿ×ಇ5 ಆದರೆ ನಾಲ್ಕನೇ ಅಡ್ಡಸಾಲಿನಲ್ಲಿ ಡಿ4 ಖಾಲಿಯಾಯಿತು, 6...ಮಂ-ಬಿ4+ ಒಂದೇ ನಡೆಯಲ್ಲಿ ಇ1ರ ರಾಜನಿಗೆ ಚೆಕ್ ಕೊಟ್ಟು, ಅಡ್ಡಸಾಲಿನ ಆ ತುದಿಯಲ್ಲಿ ಎಚ್4ರಲ್ಲಿ ಕಾವಲಿಲ್ಲದೆ ನಿಂತ ಒಂಟೆಯನ್ನೂ ಹಿಡಿಯುತ್ತದೆ. ಎರಡನೇ ನಡೆಯಲ್ಲಿ ಎಚ್6 ಆಡಿ ಒಂಟೆಯನ್ನು ಎಚ್4ಕ್ಕೆ ತಳ್ಳಿದ್ದು ಇದಕ್ಕಾಗಿಯೇ. ಬಿಳಿ ಬಲೆಗೆ ಬೀಳದಿದ್ದರೂ ಇ6ರ ಬದಲು ಇ5 ತಳ್ಳಿದ್ದರಿಂದ ಸಿ8 ಒಂಟೆಯ ದಾರಿ ತೆರೆದೇ ಇರುವ ಕಾರಣ ನಿಮಗೆ ನಷ್ಟವೇನಿಲ್ಲ.

ಬ್ಲ್ಯಾಕ್‌ಮರ್–ಡೀಮರ್ ಗ್ಯಾಂಬಿಟ್, ಅಂದರೆ 2. ಇ4, ಬ್ಲಿಟ್ಸ್‌ನಲ್ಲಿ ಹೆಚ್ಚು. ಹೊಡೆಯಿರಿ: 2...ಡಿ×ಇ4 3. ಕು-ಸಿ3 ಕು-ಎಫ್6 4. ಎಫ್3 ಇ×ಎಫ್3 5. ಕು×ಎಫ್3 ಜಿ6, ಆಮೇಲೆ ಒಂ-ಜಿ7 ಮತ್ತು ಕ್ಯಾಸ್ಲಿಂಗ್. ಜಿ6 ಕಾಲಾಳು ಡಿ3ರಿಂದ ಬರುವ ಒಂಟೆಯ ದಾಳಿಯನ್ನು ಮೊಂಡಾಗಿಸುತ್ತದೆ, ಕಾಲಾಳಿನ ಲಾಭ ನಿಮ್ಮಲ್ಲೇ ಉಳಿಯುತ್ತದೆ.

ಆರನೇ ಹಂತ: ಕಡತ ಬರೆಯುವುದು

ನಡೆಗಳನ್ನು ಆರಿಸಿದ ಮೇಲೆ ಅವು ಎಲ್ಲೋ ಒಂದು ಕಡೆ ಇರಬೇಕು. ಲಿಚೆಸ್‌ನ ಸ್ಟಡಿ ವಿಭಾಗದಲ್ಲಿ ಖಾಸಗಿ ಕಡತವೊಂದನ್ನು ತೆರೆದು, ಲಂಡನ್, ವಿನಿಮಯ ಶಾಖೆ, ಲಾಸ್ಕರ್, ಎಫ್4 ಒಂಟೆ, ಕ್ಯಾಟಲನ್, ಅಪರೂಪದವು ಎಂದು ಅಧ್ಯಾಯಗಳನ್ನು ಮಾಡಿ. ಪ್ರತಿ ಅಧ್ಯಾಯದಲ್ಲೂ ಎಂಟರಿಂದ ಹನ್ನೆರಡು ನಡೆಗಳಷ್ಟೇ ಸಾಕು, ಆದರೆ ಕಪ್ಪಿನ ಪ್ರತಿ ನಡೆಗೂ ಒಂದು ಸಾಲಿನ ಕಾರಣವನ್ನು ಕನ್ನಡದಲ್ಲಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ‘9...ಒಂ-ಇ7: ಇ5 ಫೋರ್ಕ್ ತಪ್ಪಿಸಲು’ ಎಂಬಷ್ಟು. ಕಾರಣ ಬರೆಯಲು ಬಾರದ ನಡೆ ಸಿಕ್ಕರೆ ಅದು ನಿಮಗೆ ಅರ್ಥವಾಗಿಲ್ಲ ಎಂದರ್ಥ, ಅಲ್ಲೇ ನಿಂತು ಬೋರ್ಡ್ ನೋಡಿ.

ಎಂಜಿನ್ ಅನ್ನು ಕೊನೆಯಲ್ಲಿ ಹಚ್ಚಿ. ಸ್ಟಾಕ್‌ಫಿಶ್ ಈ ಶಾಖೆಗಳಲ್ಲಿ ಬಿಳಿಗೆ ಅಲ್ಪಸ್ವಲ್ಪ ಮೇಲುಗೈ ತೋರಿಸುತ್ತದೆ, ತೋರಿಸಲಿ. ಮೊದಲು ನಡೆಸುವವನಿಗೆ ಅಷ್ಟು ಇದ್ದೇ ಇರುತ್ತದೆ. ಅದರಿಂದ ನೀವು ತಿಳಿಯಬೇಕಾದದ್ದು ಎಲ್ಲಾದರೂ ಕಾಯಿ ಬಿಟ್ಟುಕೊಟ್ಟಿದ್ದೀರಾ ಎಂಬುದನ್ನು ಮಾತ್ರ.

ಇದೆಲ್ಲದರ ಸಾರವನ್ನು ಒಂದೇ ಹಾಳೆಯಲ್ಲಿ ಕೈಬರಹದಲ್ಲಿ ಇಳಿಸಿ. ಟೂರ್ನಿಯ ಆಟದ ಕೊಠಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ಅದನ್ನು ಹೊರಗೆ ಒಪ್ಪಿಸುವ ಮುನ್ನ, ಅಥವಾ ದಾವಣಗೆರೆಯಿಂದ ದುರ್ಗಕ್ಕೆ ಹೋಗುವ ಒಂದು ಗಂಟೆಯ ಬಸ್ ಪ್ರಯಾಣದಲ್ಲಿ, ಆ ಹಾಳೆಯನ್ನು ಒಮ್ಮೆ ಓದುವುದರಷ್ಟು ಉಪಯೋಗ ಹಿಂದಿನ ರಾತ್ರಿ ವಿಡಿಯೊ ನೋಡುವುದರಿಂದ ಆಗುವುದಿಲ್ಲ.

ಏಳನೇ ಹಂತ: ಆಡಿ ಪಳಗಿಸುವುದು

ಕಾರ್ಲ್ಸ್‌ಬಾಡ್ ಸ್ಥಿತಿಯನ್ನು, ಅಂದರೆ ಮೇಲೆ ಹೇಳಿದ ಹತ್ತನೇ ನಡೆಯ ನಂತರದ ಬೋರ್ಡನ್ನು, ಹಾಗೇ ಜೋಡಿಸಿಟ್ಟು ನಿಮ್ಮ ಮಟ್ಟದ ಗೆಳೆಯರೊಬ್ಬರೊಡನೆ ಹದಿನೈದು ನಿಮಿಷದ ಆಟಗಳನ್ನು ಆಡಿ. ಪ್ರತಿ ಆಟಕ್ಕೂ ಬಣ್ಣ ಬದಲಿಸಿಕೊಳ್ಳಿ. ಬಿಳಿಯಲ್ಲಿ ಕುಳಿತು ಬಿ4–ಬಿ5 ತಳ್ಳಿ ನೋಡಿದಾಗಲೇ ಕಪ್ಪಿನ ಯಾವ ನಡೆ ಬಿಳಿಗೆ ನಿಜವಾಗಿ ಕಿರಿಕಿರಿ ಮಾಡುತ್ತದೆ ಎಂದು ತಿಳಿಯುವುದು. ಲಂಡನ್‌ಗೂ ಇದೇ ಕ್ರಮ, ಎಂಟನೇ ನಡೆಯ ಬಿ6 ನಂತರದ ಸ್ಥಿತಿಯಿಂದ. ಆನ್‌ಲೈನ್‌ನಲ್ಲಿ ಆಡುವುದಾದರೆ ಮೂರು ನಿಮಿಷದ ಬ್ಲಿಟ್ಸ್ ಬೇಡ. ಹತ್ತು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ಕಾರಣಗಳು ನೆನಪಾಗುವ ಮೊದಲೇ ಕೈ ಓಡಿರುತ್ತದೆ.

ಸೋತ ಪಂದ್ಯದ ನಂತರ ಆರಂಭವನ್ನೇ ಬದಲಿಸುವ ಚಪಲ ಬರುತ್ತದೆ. ಆ ಸಂಜೆ ಸ್ಕೋರ್‌ಶೀಟ್ ತೆಗೆದು ಮೂರು ವಿಷಯಗಳನ್ನಷ್ಟೇ ಗುರುತು ಹಾಕಿ: ಕಡತದಿಂದ ಮೊದಲು ಹೊರಬಂದವರು ಯಾರು, ಎಷ್ಟನೇ ನಡೆಯಲ್ಲಿ, ಸಿ8 ಒಂಟೆ ಎಷ್ಟನೇ ನಡೆಯಲ್ಲಿ ಕದಲಿತು, ಸ್ಥಿತಿ ನಿಜವಾಗಿ ಕೆಟ್ಟದ್ದು ಎಲ್ಲಿ. ಮೂರನೆಯದಕ್ಕೆ ಉತ್ತರ ಇಪ್ಪತ್ತನೇ ನಡೆಯ ಆಚೆಗಿದ್ದರೆ ಆರಂಭದ ಮೇಲೆ ತಪ್ಪು ಹೊರಿಸುವಂತಿಲ್ಲ, ತಂತ್ರಗಳ ಅಭ್ಯಾಸ ಹೆಚ್ಚಿಸಬೇಕು. ಕಡತದಲ್ಲಿಲ್ಲದ ನಡೆಯನ್ನು ಎದುರಾಳಿ ಆಡಿದ್ದರೆ ಅದೊಂದನ್ನೇ, ನಿಮ್ಮ ಉತ್ತರ ಮತ್ತು ಕಾರಣದೊಂದಿಗೆ, ಸಂಬಂಧಪಟ್ಟ ಅಧ್ಯಾಯಕ್ಕೆ ಸೇರಿಸಿ. ಈ ರೀತಿ ಒಂದು ವರ್ಷ ಆಡಿದ ಬಳಿಕ, ಗೆಲ್ಲಲೇಬೇಕಾದ ಸುತ್ತುಗಳಿಗೆಂದು ಇನ್ನಷ್ಟು ತೀಕ್ಷ್ಣವಾದ ಎರಡನೇ ರಕ್ಷಣೆ ಬೇಕೆನಿಸಿದರೆ ನಿಮ್ಜೊ ಇಂಡಿಯನ್ ಕಡೆ ನೋಡಬಹುದು, ಬಿಳಿ 3. ಕು-ಎಫ್3 ಆಡಿ ಅದನ್ನು ತಪ್ಪಿಸಿದಾಗ 3...ಡಿ5 ಎಂದು ಇದೇ ಕಡತಕ್ಕೆ ಮರಳುವ ದಾರಿ ಅದರಲ್ಲಿ ಇದೆ.